ಸಾವಿರದ ಒಂದನೇ ಪ್ರತಿ

ದರ್ಜಿ ಅಳತೆ ಟೇಪಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಮೆಟ್ಟಿಲು ತಿರುಗುವ ಮೂಲೆಗೆ ಒತ್ತಿ ಹಿಡಿದಿದ್ದ.

"ಮೂರಡಿ ಒಂದಂಗುಲ," ಎಂದ, ಟೇಪನ್ನು ಬಾಯಿಂದ ತೆಗೆದು. "ಸ್ಟ್ರೆಚರ್ ಆರೂವರೆ ಅಡಿ. ಪ್ರತಿ ತಿರುವಲ್ಲೂ ತಲೆ ಕಡೆ ಮೇಲೆತ್ತಿ ಹೊರಳಿಸ್ಬೇಕು. ನಾಲ್ಕು ಜನ ಬೇಕೇ ಬೇಕು."

"ಲಿಫ್ಟ್ ಇದೆಯಲ್ಲ?" ಎಂದ ಅಳಿಯ.

"ನಾಲ್ಕು ಜನ ಹಿಡಿಯೋ ಲಿಫ್ಟು ಅದು, ನಿಂತ್ಕೊಂಡ್ರೆ. ನಿಮ್ಮ ಮಾವ ಇವತ್ತು ನಿಲ್ಲೋ ಹಾಗೆ ಕಾಣಲ್ಲ."

ಅಳಿಯ ನಗಬಹುದೋ ಎಂದು ಹೆಂಡತಿಯ ಮುಖ ನೋಡಿದ. ಅವಳು ನಗಲಿಲ್ಲ. ಅವನೂ ನಗಲಿಲ್ಲ.

ಮನೆ ನಾಲ್ಕನೇ ಮಹಡಿಯಲ್ಲಿತ್ತು. ಒಳಗೆ ಊಟದ ಮೇಜನ್ನು ಗೋಡೆಗೆ ಸರಿಸಿ ಗುಮಾಸ್ತರನ್ನು ಮಲಗಿಸಿದ್ದರು. ಗೋಡೆಗೆ ಚೆಂಡು ಹೊಡೆದು ಆಡುವ ಸ್ಕ್ವಾಷ್ ಆಟದ ಒಕ್ಕೂಟದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತವರು. ಕುರ್ಚಿ ಮೂರು ಸಲ ಬದಲಾಗಿತ್ತು, ಗುಮಾಸ್ತರು ಬದಲಾಗಿರಲಿಲ್ಲ. ಈಗ ಹೊರುವವರ ಎಣಿಕೆ ನಡೆದಿತ್ತು. ಕೆಳಮನೆಯ ದರ್ಜಿ ಒಬ್ಬ, ಅಳಿಯ ಒಬ್ಬ, ಹೆಣದ ವ್ಯಾನಿನವನು ಒಬ್ಬ. ಒಕ್ಕೂಟದ ಕಾರ್ಯದರ್ಶಿ ದೊಡ್ಡ ಹಾರ ಹಿಡಿದು ಬಂದಿದ್ದರು, ಆದರೆ ಅವರಿಗೆ ಬೆನ್ನುನೋವು. ಒಕ್ಕೂಟದಲ್ಲಿ ಏನಾದರೂ ಎತ್ತುವ ಸಂದರ್ಭ ಬಂದಾಗಲೆಲ್ಲ ಆ ನೋವು ತಪ್ಪದೆ ಹಾಜರಾಗುತ್ತಿತ್ತು.

ಅಷ್ಟರಲ್ಲಿ ನಾಲ್ಕನೆಯವನು ಮೆಟ್ಟಿಲು ಹತ್ತಿ ಬಂದ. ಐವತ್ತಾರು ವರ್ಷದ ದೊಡ್ಡ ಆಳು, ಒಂದಿಷ್ಟೂ ಏದುಸಿರಿಲ್ಲ. ಶಾಲಾ ಬಸ್ಸಿನ ಡ್ರೈವರು. ಒಂದು ಕಾಲದಲ್ಲಿ ದೇಶ ದೇಶ ಸುತ್ತಿ ಸ್ಕ್ವಾಷ್ ಆಡುತ್ತಿದ್ದ. ಎದುರಾಳಿ ಏನು ಹೊಡೆದರೂ ವಾಪಸ್ ಕಳಿಸುತ್ತಿದ್ದ ಎಂದು ಆಗ ಅವನನ್ನು 'ಗೋಡೆ' ಎನ್ನುತ್ತಿದ್ದರು.

"ಅಕ್ಕಾ," ಎಂದ ಗುಮಾಸ್ತರ ಹೆಂಡತಿಗೆ. "ಮೂರು ಗಂಟೆಗೆ ಮಕ್ಕಳನ್ನ ಮನೆಗೆ ಬಿಡೋದಿದೆ. ಅಷ್ಟರೊಳಗೆ ಎಷ್ಟು ದೂರ ಬೇಕಾದ್ರೂ ಹೊರ್ತೀನಿ." ಆಮೇಲೆ ಕಂಕುಳಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಸ್ತಕ ತೆಗೆದ. "ನಾನು ಆಡಿದ ಕೊನೇ ವರ್ಷದ ಫಲಿತಾಂಶದ ಪುಸ್ತಕ. ಯಜಮಾನ್ರೇ ಕಳಿಸಿದ್ದು. ಆಟ ಬಿಟ್ಟ ಮೇಲೆ ನನ್ನ ನೆನಪಿಟ್ಟುಕೊಂಡೋರು ಅವರೊಬ್ಬರೇ. ಇದನ್ನ ಅವರೆದೆ ಮೇಲಿಟ್ಟು ಬೆಂಕಿಗೆ ಕಳಿಸ್ತೀನಿ ಅಕ್ಕ. ನನ್ನ ಹತ್ರ ಇದಕ್ಕಿಂತ ದೊಡ್ಡದು ಏನೂ ಇಲ್ಲ."

ಗುಮಾಸ್ತರ ಹೆಂಡತಿ ಪುಸ್ತಕವನ್ನೇ ನೋಡಿದಳು. ನಂತರ ಮಗಳ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಈಗಲೇ ಹೇಳ್ಬೇಕು."

"ಹೊತ್ತು ಕೆಳಗಿಳಿಸಿದ ಮೇಲೆ ಹೇಳಮ್ಮ," ಎಂದು ಮಗಳು ಪಿಸುಗುಟ್ಟಿದಳು. "ಈಗ ಹೇಳಿದ್ರೆ ಅವನು ಹೊರಟೋಗ್ತಾನೆ. ಅಪ್ಪನ್ನ ಕಿಟಕಿಯಿಂದ ಇಳಿಸ್ತೀಯಾ?"

"ಆಮೇಲೆ ಪುಸ್ತಕ ಇರಲ್ಲ ಕಣೇ."

"ಇಪ್ಪತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲ. ಇನ್ನೊಂದು ಗಂಟೆ ಆಗಲ್ವಾ?"

"ಇಷ್ಟು ವರ್ಷ ಮುಚ್ಕೊಂಡಿದ್ದು ನಿಮ್ಮಪ್ಪನಿಗೋಸ್ಕರ. ಈ ಒಂದು ಗಂಟೆ ಮುಚ್ಕೊಂಡ್ರೆ ಅದು ನನಗೋಸ್ಕರ ಆಗುತ್ತೆ."

*

ಗುಮಾಸ್ತರು ಜೀವಮಾನದಲ್ಲಿ ಒಂದೇ ಒಂದು ಸ್ಕ್ವಾಷ್ ಪಂದ್ಯವನ್ನೂ ಪೂರ್ತಿ ನೋಡಿರಲಿಲ್ಲ. ಒಮ್ಮೆ ಕರೆದುಕೊಂಡು ಹೋಗಿದ್ದರು. ಇಬ್ಬರು ಗಂಡಸರನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಯಾಕೆ ಕೂಡಿಹಾಕಿದ್ದಾರೆ ಎಂದು ವಿಚಾರಿಸಿ, ಸಮಾಧಾನಕರ ಉತ್ತರ ಸಿಗದೆ, ನಿದ್ದೆಹೋದರು. ಆದರೆ ಅಂಕಿಗಳನ್ನು ನೋಡಿ ಆಟಗಾರರ ಹೊಟ್ಟೆಯೊಳಗಿನದನ್ನೂ ಹೇಳುತ್ತಿದ್ದರು. "ಇವನಿಗೆ ನಾಲ್ಕನೇ ಗೇಮಿನಲ್ಲಿ ಮೊಣಕಾಲು ನೋಯುತ್ತೆ," ಎನ್ನುತ್ತಿದ್ದರು ಫ್ಯಾಕ್ಸ್ ನೋಡಿ, ಭೂಗೋಳದ ಇನ್ನೊಂದು ಮೂಲೆಯಲ್ಲಿದ್ದವನ ಬಗ್ಗೆ. ವಾರದೊಳಗೆ ಅವನಿಗೆ ಶಸ್ತ್ರಚಿಕಿತ್ಸೆ ಆಗುತ್ತಿತ್ತು. ಕಚೇರಿಯಲ್ಲಿ ಮೊಣಕಾಲು ಇದ್ದವರೆಲ್ಲ ಅವರೆದುರು ಹುಷಾರಾಗಿ ಓಡಾಡುತ್ತಿದ್ದರು.

ಆ ವರ್ಷ ನಲವತ್ತೊಂದು ಅಂತರರಾಷ್ಟ್ರೀಯ ಪಂದ್ಯಾವಳಿಗಳು. ಎಲ್ಲದರ ಫಲಿತಾಂಶ ಫ್ಯಾಕ್ಸಿನಲ್ಲಿ ಬರಬೇಕು, ಗುಮಾಸ್ತರು ಟೈಪು ಮಾಡಬೇಕು. ಗೆದ್ದವನ ಹೆಸರು ಎಡಕ್ಕೆ, ಸೋತವನದು ಬಲಕ್ಕೆ. ಟೈಪಾದ ಹಾಳೆಯಿಂದ ಅಂಕ ಕೂಡಿ, ವರ್ಷದ ಕೊನೆಗೆ ಮೊದಲ ಇಪ್ಪತ್ತನಾಲ್ಕು ಜನರನ್ನು ವಿಶ್ವ ಪಂದ್ಯಾವಳಿಗೆ ಕರೆಯುತ್ತಿದ್ದರು. ಆಟಗಾರರಿಗೆ ಸಿಗುತ್ತಿದ್ದುದು ಒಂದು ಕಾಗದ, ಅದರಲ್ಲಿ ಒಂದು ಸಂಖ್ಯೆ. ಅದು ಹೇಗೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮಗಳಿಗೆ ವಿಷಮಶೀತ ಜ್ವರ. ಎರಡು ವರ್ಷದ ಕೂಸು. ಗುಮಾಸ್ತರು ಆರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಏಳನೇ ದಿನ ಕಚೇರಿಗೆ ಬಂದು, ರಾಶಿ ಬಿದ್ದಿದ್ದ ಮೂವತ್ತೆಂಟು ಫಲಿತಾಂಶಗಳನ್ನು ಒಂದೇ ಏಟಿಗೆ ಟೈಪು ಮಾಡಿದರು. ಅವುಗಳಲ್ಲೊಂದು, ಒಂದು ಬಂದರಿನ ಊರಿನಲ್ಲಿ ನಡೆದ ಎರಡನೇ ಸುತ್ತಿನ ಪಂದ್ಯ. ಐದು ಗೇಮು, ಒಂದು ಗಂಟೆ ಐವತ್ತೆರಡು ನಿಮಿಷ. ಗೋಡೆ ಗೆದ್ದಿದ್ದ. ಗುಮಾಸ್ತರು ಅವನ ಹೆಸರನ್ನು ಬಲಕ್ಕೆ ಹೊಡೆದರು.

ಗೊತ್ತಾದದ್ದು ಜನವರಿಯಲ್ಲಿ, ಹಳೆಯ ಫ್ಯಾಕ್ಸುಗಳನ್ನು ಕಡತಕ್ಕೆ ಹೊಲಿಯಲು ಕೂತಾಗ. ಅಷ್ಟರಲ್ಲಿ ಗೋಡೆ ಇಪ್ಪತ್ತೈದನೆಯವನಾಗಿ ಮನೆಯಲ್ಲಿ ಉಳಿದಿದ್ದ. ಅವನ ಕೈಲಿ ಸೋತವನು ವಿಶ್ವ ಪಂದ್ಯಾವಳಿಗೆ ಹೋಗಿ, ಇಪ್ಪತ್ತೆರಡು ನಿಮಿಷದಲ್ಲಿ ಸೋತು, ಊರು ನೋಡಿಕೊಂಡು ವಾಪಸಾಗಿದ್ದ. ಗುಮಾಸ್ತರು ಫ್ಯಾಕ್ಸ್ ಹಿಡಿದು ಅಂದಿನ ಕಾರ್ಯದರ್ಶಿಯ ಬಾಗಿಲಿನವರೆಗೆ ಹೋದರು. ಹಿಡಿಕೆ ಮುಟ್ಟಿದರು. ತಣ್ಣಗಿತ್ತು. ವಾಪಸ್ ಬಂದರು.

ವರ್ಷದ ಪುಸ್ತಕ ಸಾವಿರ ಪ್ರತಿ ಅಚ್ಚಾಯಿತು, ತಪ್ಪಿನ ಸಮೇತ. ಗೋಡೆ ಆ ಪುಸ್ತಕ ಬೇಕೆಂದು ಕಾಗದ ಬರೆದ. ಆಗ ಗುಮಾಸ್ತರು ಪ್ರೆಸ್ಸಿಗೆ ಹೋಗಿ, ಅಚ್ಚುಮೊಳೆ ಜೋಡಿಸುವವನ ಕೈಕಾಲು ಹಿಡಿದು, ಆ ಒಂದು ಸಾಲಿನ ಎರಡು ಹೆಸರು ಅದಲುಬದಲು ಮಾಡಿಸಿ, ಒಂದೇ ಒಂದು ಹಾಳೆ ಹೊಡೆಸಿದರು. ಅದನ್ನು ಸೇರಿಸಿ ಒಂದೇ ಒಂದು ಪುಸ್ತಕ ಹೊಲಿಸಿ, ಅಂಚೆಗೆ ಹಾಕಿದರು.

ಇದನ್ನೆಲ್ಲ ಹೆಂಡತಿಗೆ ಅಂದೇ ಹೇಳಿದ್ದರು. ಮೊನ್ನೆ ಆಸ್ಪತ್ರೆಯಲ್ಲಿ, "ನಾನು ಹೋದ ಮೇಲೆ ಅವನಿಗೆ ಹೇಳ್ಬಿಡು," ಎಂದು ಅಪ್ಪಣೆ ಕೊಟ್ಟರು. ಧೈರ್ಯದ ಕೆಲಸಗಳನ್ನೆಲ್ಲ ಅವರು ಹೆಂಡತಿಗೇ ಬಿಡುತ್ತಿದ್ದರು. ಜಿರಲೆ, ಮನೆ ಮಾಲೀಕ, ಈಗ ಇದು.

*

ಅವಳು ಹಾಲಿಗೆ ಬಂದಾಗ ಗೋಡೆ ಪುಸ್ತಕದ ಪ್ಲಾಸ್ಟಿಕ್ ಬಿಚ್ಚಿ, ಗುಮಾಸ್ತರ ಕೈ ಸರಿಸಿ ಜಾಗ ಮಾಡುತ್ತಿದ್ದ.

"ತಮ್ಮಾ, ಅದನ್ನ ಸುಡ್ಬೇಡಿ. ನೀವು ಗೆದ್ದಿದ್ದು ಬರೆದಿರೋದು ಪ್ರಪಂಚದಲ್ಲಿ ಅದೊಂದರಲ್ಲೇ."

ಗೋಡೆ ನಕ್ಕ. "ಏನಕ್ಕಾ, ಅಷ್ಟೊಂದು ಪುಸ್ತಕ ಹೊಡೆದಿರ್ತಾರೆ."

"ಸಾವಿರ ಹೊಡೆದಿದ್ದಾರೆ. ಸಾವಿರದಲ್ಲೂ ನೀವು ಸೋತಿದ್ದೀರ. ಆ ಬಂದರಿನ ಊರಿನ ಪಂದ್ಯ."

ನಿಂತಲ್ಲೇ ಎಲ್ಲ ಹೇಳಿದಳು. ಫ್ಯಾಕ್ಸು, ಎಡ, ಬಲ, ಬಾಗಿಲಿನ ಹಿಡಿಕೆ, ಪ್ರೆಸ್ಸು. ಎಲ್ಲೂ ಅಳಲಿಲ್ಲ. ಅತ್ತರೆ ಅವನು ಸಮಾಧಾನ ಮಾಡಬೇಕಾಗುತ್ತದೆ, ಅದು ನ್ಯಾಯವಲ್ಲ ಎಂದು ಮೊದಲೇ ತೀರ್ಮಾನಿಸಿದ್ದಳು.

"ಸರಿಯಾಗಿ ಬರೆದಿದ್ರೆ ನಾನು ಎಷ್ಟನೆಯವನು?" ಎಂದು ಗೋಡೆ ಕೇಳಿದ.

"ಇಪ್ಪತ್ತೆರಡು."

"ಇಪ್ಪತ್ತೆರಡು," ಎಂದ, ಬಸ್ಸಿನ ನಂಬರು ಓದಿದ ಹಾಗೆ. "ನನ್ನ ಹೆಂಡ್ತಿ ಇನ್ನೊಂದು ವರ್ಷ ಆಡಿ ಅಂದ್ಳು. ಈ ಸಲ ಒಂದು ಗೆಲುವು ಕಮ್ಮಿಯಾದವನಿಗೆ ಮುಂದಿನ ಸಲ ಎರಡು ಕಮ್ಮಿಯಾಗುತ್ತೆ, ವಯಸ್ಸಾಗ್ತಿದೆ ಅಂದೆ. ನನಗಾಗ ಇಪ್ಪತ್ತೇಳು ಅಕ್ಕ."

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಆ ಪುಸ್ತಕ ಒಂದು ನಿಮಿಷ ಕೊಡಿ. ಒಕ್ಕೂಟದಲ್ಲಿ ಜೋಪಾನವಾಗಿ ಇಡ್ತೀವಿ."

"ನೀವು ಜೋಪಾನ ಮಾಡಿದ್ದು ಗೊತ್ತಾಯ್ತಲ್ಲ ಸಾರ್," ಎಂದು ಗೋಡೆ ಪುಸ್ತಕವನ್ನು ಅಂಗಿಯೊಳಗೆ ತೂರಿಸಿ ಗುಂಡಿ ಹಾಕಿಕೊಂಡ. ಆಮೇಲೆ ಮಗಳ ಕಡೆ ತಿರುಗಿದ. "ಜ್ವರ ಬಂದಿದ್ದು ಇವಳಿಗಾ?"

"ಹೂಂ."

ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಇಪ್ಪತ್ತೊಂಬತ್ತು ವರ್ಷಕ್ಕೆ ಏನು ಬಂತು ಎಂದು ನೋಡುವವನ ಹಾಗೆ. ಮಗಳು ತಲೆ ತಗ್ಗಿಸಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾಲ್ಕು ಮಹಡಿಯ ಮೆಟ್ಟಿಲನ್ನೂ ಒಂದೇ ವೇಗದಲ್ಲಿ ಇಳಿದದ್ದು ಎಲ್ಲರಿಗೂ ಕೇಳಿಸಿತು.

"ನೋಡಿದ್ಯಾಮ್ಮ?" ಎಂದಳು ಮಗಳು.

"ನೋಡ್ದೆ. ಚಪ್ಪಲಿ ಬಿಡು, ಜಾರುತ್ತೆ."

ಗೋಡೆ ಹಿಡಿಯಬೇಕಿದ್ದ ತಲೆ ಕಡೆಯ ಮೂಲೆಯನ್ನು ತಾಯಿ ಮಗಳು ಇಬ್ಬರೂ ಹಿಡಿದರು. ಇಬ್ಬರೂ ಸೇರಿ ಅವನ ಅರ್ಧದಷ್ಟೂ ಆಗಲಿಲ್ಲ. ಮೂರನೇ ಮಹಡಿಯ ತಿರುವಿನಲ್ಲಿ ಗುಮಾಸ್ತರು ಮೆಟ್ಟಿಲ ಪಕ್ಕದ ಗೋಡೆಗೆ ಉಜ್ಜಿ ಸುಣ್ಣ ಬಳಿದುಕೊಂಡರು.

"ಎತ್ತಿ ಅತ್ತಿಗೆ, ಇನ್ನೂ ಎತ್ತಿ," ಎಂದ ದರ್ಜಿ ಕೆಳಗಿನಿಂದ.

"ಎತ್ತಿದೀನಪ್ಪ. ಇವರು ಬದುಕಿದ್ದಾಗಲೂ ಇಷ್ಟೇ ಭಾರ ಇದ್ರು."

ಎರಡನೇ ಮಹಡಿಯಲ್ಲಿ ಮಗಳ ಬೆರಳು ಕಂಬಿಗೂ ಸ್ಟ್ರೆಚರಿಗೂ ನಡುವೆ ಸಿಕ್ಕಿ ರಕ್ತ ಬಂತು. ಅವಳು ಬಿಡಲಿಲ್ಲ. ಕಾರ್ಯದರ್ಶಿ ಹಾರ ಹಿಡಿದು ಹಿಂದಿನಿಂದ, "ನಿಧಾನ, ನಿಧಾನ," ಎಂದು ಸಲಹೆ ಕೊಡುತ್ತ ಬಂದರು.

ಕೆಳಗೆ ಬೀದಿಬಾಗಿಲು. ಕಬ್ಬಿಣದ್ದು, ಗಟ್ಟಿ ಸ್ಪ್ರಿಂಗು ಹಾಕಿದ್ದು, ಯಾರಾದರೂ ಹಿಡಿಯದಿದ್ದರೆ ತಾನಾಗಿ ಮುಚ್ಚಿಕೊಳ್ಳುವಂಥದ್ದು. ಅದು ಪೂರ್ತಿ ತೆರೆದಿತ್ತು. ಹೊರಗೆ ಗೋಡೆ, ಬಾಗಿಲಿಗೆ ಬೆನ್ನು ಒತ್ತಿ, ಹಿಮ್ಮಡಿ ಊರಿ, ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

"ಬಂದ್ರಾ! ಸ್ವಲ್ಪ ಕೈ ಹಾಕಿ ಸ್ವಾಮಿ," ಎಂದ ದರ್ಜಿ.

ಗೋಡೆ ಕೈ ಕಟ್ಟಿಕೊಂಡೇ ಇದ್ದ. ಸ್ಟ್ರೆಚರ್ ಅವನ ಎದೆಗೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಅವನು ಎದುರಿನ ಅಂಗಡಿಯ ಮುಚ್ಚಿದ ಷಟರನ್ನೇ ನೋಡುತ್ತಿದ್ದ. ಗುಮಾಸ್ತರ ಕಾಲು ದಾಟಿತು, ಹೊಟ್ಟೆ ದಾಟಿತು, ಸುಣ್ಣ ಹತ್ತಿದ ತಲೆ ದಾಟಿತು. ತಾಯಿ ಮಗಳು ದಾಟಿದರು. ಹಾರ ಹಿಡಿದ ಕಾರ್ಯದರ್ಶಿ ಇನ್ನೂ ಒಳಗೇ ಇದ್ದಾಗ ಅವನು ಹಿಮ್ಮಡಿ ತೆಗೆದ.