ಡೀನ್ ಕುರ್ಚಿ ಮತ್ತು ಪ್ರೆಂಟಿಸ್ ಸಾಹೇಬ

ಸಮಸ್ತ ನಾಗರಿಕರ ಗಮನಕ್ಕೆ: ಅಮೆರಿಕದ ಘನತೆವೆತ್ತ ರಾಯಭಾರಿ ಹಾರ್ಲನ್ ಪ್ರೆಂಟಿಸ್ ಅವರು ನಮ್ಮ ಸ್ವಾತಂತ್ರ್ಯ ದಿನದ ಸಮಾರಂಭದಲ್ಲಿ ತಮ್ಮ ಕುರ್ಚಿಯನ್ನು ಹನ್ನೊಂದು ಅಡಿ ಎಡಕ್ಕೆ ಸರಿಸಲು ತೀರ್ಮಾನಿಸಿದ್ದಾರೆ.

ಹನ್ನೊಂದೇ ಅಡಿ. ಆದ್ರೆ ಅಲ್ಲಿ ಕೂರೋದು ನಮ್ಮ ಅಧ್ಯಕ್ಷರು, ಅವರ ಪಕ್ಕದ್ದು ಡೀನ್ ಕುರ್ಚಿ. ಡೀನ್ ಅಂದ್ರೆ ಊರಲ್ಲಿರೋ ಎಲ್ಲ ದೇಶದ ರಾಯಭಾರಿಗಳಿಗೂ ಹಿರಿಯ. ಓಟಿಲ್ಲ, ಪರೀಕ್ಷೆ ಇಲ್ಲ. ಅಧ್ಯಕ್ಷರ ಕೈಗೆ ಯಾರು ಮೊದಲು ನೇಮಕದ ಪತ್ರ ಕೊಟ್ಟಿದ್ರೋ ಅವರೇ. ಹತ್ತು ವರ್ಷ ಕುರ್ಚಿ ಬಿಡದ ಮೊರಾಕ್ಕೊದ ಮುದುಕರು ಈಗ ಗಂಟು ಕಟ್ಟಿ ಊರಿಗೆ ಹೊರಟಿದ್ರು. ಮುಂದಿನ ಸರದಿ ತಂದೇ ಅಂತ ಪ್ರೆಂಟಿಸ್ ಸಾಹೇಬನ ಲೆಕ್ಕ.

ನಾನು ಮೆರ್ಸಿ ಕಚಾಲೆ. ಅಮೆರಿಕದ ರಾಯಭಾರ ಕಚೇರಿಯ ಶಿಷ್ಟಾಚಾರ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಇದೀನಿ. ಆರು ರಾಯಭಾರಿಗಳನ್ನ ಹೊತ್ತಿದೀನಿ, ಇಷ್ಟು ಭಾರಿ ಭಾರ ಇನ್ನೊಂದಿರಲಿಲ್ಲ. ಸಾಹೇಬನದು ಮೂವತ್ನಾಲ್ಕು ವರ್ಷದ ಸೇವೆ, ಏಳು ದೇಶ. ಒಂದು ದೇಶದಲ್ಲಿ 'ಇಲ್ಲಿ ಎಲ್ಲ ಶಾಂತ' ಅಂತ ವಾಷಿಂಗ್ಟನ್‌ಗೆ ಬರೀತಿದ್ದಾಗ ಕಿಟಕಿ ಹೊರಗೆ ಟ್ಯಾಂಕ್ ನಿಂತಿತ್ತಂತೆ. ಅದಕ್ಕೂ ಬಡ್ತಿ ಸಿಕ್ತು. ಮುತ್ಸದ್ದಿ ಅಂತಾರೆ. ಮುತ್ತು ನಾನು ಕಾಣೆ, ಸದ್ದು ದಿನಾ ಕೇಳಿದೀನಿ.

ಅಕ್ಟೋಬರ್‌ಗೆ ನಿವೃತ್ತಿ. ಅಷ್ಟರೊಳಗೆ ಒಂದೇ ಒಂದ್ಸಲ, ಎಲ್ಲ ದೇಶಗಳ ಪರವಾಗಿ ಎದ್ದು ಭಾಷಣ ಮಾಡಬೇಕು. ಅದಕ್ಕೇ ವಾಷಿಂಗ್ಟನ್‌ನಲ್ಲಿ ಕಂಡೋರ ಕಾಲು ಹಿಡಿದು ಒಂದು ವರ್ಷ ಹೆಚ್ಚಿಗೆ ತಗೊಂಡಿದ್ದ.

"ಕಚಾಲೆಯಕ್ಕಾ, ಕಾರಲ್ಲೂ ಭಾಷಣ ಹೊಡೀತಾನೆ," ಅಂದ ಡ್ರೈವರ್ ಲೈಸನ್. "ಬ್ರೇಕ್ ಹಾಕಿಬಿಡ್ಲಾ?"

"ಬೇಡಪ್ಪಾ. ನಡುವೆ ನಿಲ್ಸಿದ್ರೆ ಮತ್ತೆ ಮೊದ್ಲಿಂದ ಶುರು ಮಾಡ್ತಾನೆ."

ಗುರುವಾರ ಅಧ್ಯಕ್ಷರ ಅರಮನೆಯ ಶಿಷ್ಟಾಚಾರ ಮುಖ್ಯಸ್ಥ ಕಲಿಲೊಂಬೆ ಬಂದ್ರು, ಕಂಕುಳಲ್ಲಿ ದಪ್ಪ ಪುಸ್ತಕ. ಸಾಹೇಬ ಅವರಿಗೆ ಸರೋವರದ ಚಾಂಬೊ ಮೀನು ಬಡಿಸಿ, ಹಲ್ಲೆಲ್ಲ ತೋರಿಸಿದ.

"ಮೀನು ಚೆನ್ನಾಗಿದೆ ಸಾರ್. ಆದ್ರೆ ಡೀನ್ ನೀವಲ್ಲ. ಕ್ಯೂಬಾದ ಒಸೋರಿಯೊ."

ಸಾಹೇಬನ ಫೋರ್ಕು ನಿಂತೋಯ್ತು. "ಕ್ಯೂಬಾ? ನಾವಿಬ್ರೂ ಒಂದೇ ದಿನ ಪತ್ರ ಕೊಟ್ಟಿದ್ದು!"

"ಹೌದು. ಅವರು ಹತ್ತು ಗಂಟೆಗೆ. ನೀವು ಹತ್ತೂವರೆಗೆ."

"ಮೊದಲ ಸರದಿ ನಂದಿತ್ತು ಕಣ್ರೀ!"

"ಇತ್ತು ಸಾರ್, ನಾನೇ ಬರೆದಿದ್ದೆ." ಕಲಿಲೊಂಬೆ ಬೆರಳು ಒರೆಸಿಕೊಂಡು ಪುಸ್ತಕದಿಂದ ಒಂದು ಕಾಗದ ತೆಗೆದ್ರು. "'ಹತ್ತು ಗಂಟೆಗೆ ತೋಟದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ, ಫೋಟೋದಲ್ಲಿ ಮುಖ ಸರಿ ಬರಲ್ಲ, ಕ್ಯೂಬಾದವರನ್ನ ಮುಂಚೆ ಕಳಿಸಿ.' ಸಹಿ ನಿಮ್ದೇ ಅಲ್ವಾ?"

ಸಾಹೇಬ ನನ್ನ ಕಡೆ ತಿರುಗಿದ. "ಒಬ್ರಾದ್ರೂ ಆವತ್ತು ಹೇಳಬಾರದಿತ್ತಾ?"

"ಹೇಳಿದ್ದೆ ಸಾರ್. 'ನೀನು ಕುರ್ಚಿ ಒರೆಸು' ಅಂದ್ರಿ."

"ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿತ್ತು ಸಾರ್," ಅಂದ್ರು ಕಲಿಲೊಂಬೆ, ಸಮಾರಂಭದ ಪಟ್ಟಿಯಲ್ಲಿ ಡೀನ್ ಕುರ್ಚಿಗೆ ಒಸೋರಿಯೊ ಹೆಸರು ಬರೀತಾ.