ಬಲಗೆನ್ನೆಯ ಮಚ್ಚೆ

ನಾನು ಒಂದು ಜಿಂಕೆಯ ತೊಗಲು. ಎರಡು ಅಂಗೈ ಸೇರಿಸಿದಷ್ಟು ಅಗಲ. ನನ್ನ ಮೈಯಲ್ಲಿ ಸೂಜಿಯಿಂದ ಚುಚ್ಚಿದ ಇನ್ನೂರಕ್ಕೂ ಹೆಚ್ಚು ತೂತುಗಳಿವೆ. ಅವುಗಳಲ್ಲಿ ಒಂದು ತೂತು ಬೇಕಾಗಿರಲಿಲ್ಲ.

ಕಾಡಿನ ನೆನಪು ನನಗೆ ಹೆಚ್ಚಿಲ್ಲ. ಹುಲ್ಲಿನ ವಾಸನೆ, ಒಂದು ಓಟ, ಅಷ್ಟೇ. ವಿಜಾಪುರದಲ್ಲಿ ತೊಗಲು ಹದ ಮಾಡುವವನೊಬ್ಬ ನನ್ನನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದ. ಚಿತ್ರಗಾರ ಭರಮಪ್ಪ ನನ್ನನ್ನು ಮನೆಗೆ ತಂದ. ಅರಮನೆಯ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವನ ಕೆಲಸ. ಹೆಂಡತಿ ತೀರಿಕೊಂಡಿದ್ದಳು. ಮಗ ರೇವಪ್ಪ, ಮಗಳು ಹೊನ್ನವ್ವ, ಇಷ್ಟೇ ಸಂಸಾರ.

ನನ್ನಂಥ ತೊಗಲಿನ ಕೆಲಸ ಬಹಳ ಸರಳ. ಮೊದಲು ನನ್ನ ಮೇಲೆ ಒಂದು ಚಿತ್ರ ಬರೆಯುತ್ತಾರೆ. ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಆಮೇಲೆ ನನ್ನನ್ನು ಕಾಗದದ ಮೇಲಿಟ್ಟು, ಇದ್ದಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟುತ್ತಾರೆ. ತೂತುಗಳಿಂದ ಪುಡಿ ಇಳಿದು ಕಾಗದದ ಮೇಲೆ ಚುಕ್ಕಿಗಳಾಗುತ್ತವೆ. ಚಿತ್ರಗಾರನ ಕೈ ಆ ಚುಕ್ಕಿಗಳನ್ನು ಮಸಿಯಿಂದ ಕೂಡಿಸುತ್ತದೆ. ನನ್ನನ್ನು ಮಗುಚಿ ಹಾಕಿದರೆ ಬಲಕ್ಕೆ ಓಡುತ್ತಿದ್ದ ಕುದುರೆ ಎಡಕ್ಕೆ ಓಡುತ್ತದೆ, ಸವಾರನ ಬಲಗೈ ಎಡಗೈಯಾಗುತ್ತದೆ.

ನನ್ನ ಮೇಲೆ ಬರೆದದ್ದು ಕುದುರೆ ಸವಾರನಾಗಿ ರೇವಪ್ಪನನ್ನು. ಅವನು ಮನೆಯ ಕಟ್ಟೆಯ ಗೋಡೆ ಏರಿ, ಅತ್ತೊಂದು ಇತ್ತೊಂದು ಕಾಲು ಹಾಕಿ, ಭರ್ಜಿಯ ಬದಲು ಒನಕೆ ಹಿಡಿದು ಕೂತಿದ್ದ.

"ನೆಟ್ಟಗ ಕೂಡೋ" ಎಂದ ಭರಮಪ್ಪ.

"ನಾ ನೆಟ್ಟಗ ಅದೀನಪ್ಪಾ. ಕುದರೀನ ನಿಂದರವಲ್ದು."

ಹೊನ್ನವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ನೀ ನಗಬ್ಯಾಡ. ಕುದರಿ ಅಂಜತೈತಿ" ಎಂದ ಅವನು.

ತೂತು ಚುಚ್ಚುವುದು ಹೊನ್ನವ್ವನ ಕೆಲಸ. ಅವಳು ಮಾತು ಕಡಿಮೆ, ನೋಡುವುದು ಹೆಚ್ಚು. ಎಲ್ಲ ಗೆರೆ ಮುಗಿದ ಮೇಲೆ ಅಣ್ಣನ ಮುಖವನ್ನು ಮತ್ತೊಮ್ಮೆ ನೋಡಿದಳು. ಅವನ ಬಲಗೆನ್ನೆಯ ಮೇಲೆ ಒಂದು ಮಚ್ಚೆ ಇತ್ತು. ಅಪ್ಪ ಅದನ್ನು ಬರೆದಿರಲಿಲ್ಲ. ಅವಳು ಯಾರಿಗೂ ಹೇಳದೆ ಅಲ್ಲೊಂದು ತೂತು ಚುಚ್ಚಿದಳು.

ಮರುವರ್ಷ ರೇವಪ್ಪ ನಿಜವಾದ ಕುದುರೆಯನ್ನು ಹುಡುಕಿಕೊಂಡು ಹೊರಟ. ಹಂಪಿಯಲ್ಲಿ ಸವಾರರಿಗೆ ಒಳ್ಳೆಯ ಸಂಬಳ ಎಂದು ಹೊಳೆ ದಾಟಿ ಹೋದ. ಆಗ ಎರಡೂ ಊರುಗಳ ನಡುವೆ ಜಗಳವಿರಲಿಲ್ಲ. ಎರಡು ವರ್ಷಕ್ಕೆ ಕೃಷ್ಣೆಯ ಆಚೆ ದೊಡ್ಡ ಯುದ್ಧವಾಯಿತು. ವಿಜಾಪುರದ ಕಡೆ ಗೆದ್ದಿತು, ಹಂಪಿ ಸೋತಿತು. ಅವನ ಸುದ್ದಿ ಬರಲಿಲ್ಲ. ಭರಮಪ್ಪ ಅಳಲಿಲ್ಲ. ಊಟಕ್ಕೆ ಮೂರು ತಾಟು ಹಾಕಿಸುವುದನ್ನೂ ಬಿಡಲಿಲ್ಲ.

ಗೆದ್ದ ಯುದ್ಧದ ಪುಸ್ತಕ ಆಗಬೇಕೆಂದು ಅಪ್ಪಣೆಯಾಯಿತು. ನಡುವಿನ ಪುಟ ಭರಮಪ್ಪನ ಪಾಲಿಗೆ ಬಂತು. ಒಬ್ಬ ಸವಾರ ಇನ್ನೊಬ್ಬನಿಗೆ ಭರ್ಜಿ ಇರಿಯಬೇಕು. ಸವಾರನ ತೊಗಲೆಂದು ಅವನ ಹತ್ತಿರ ಇದ್ದದ್ದು ನಾನೊಬ್ಬನೇ. ಮೊದಲು ನನ್ನನ್ನು ನೆಟ್ಟಗಿಟ್ಟು ಗೆದ್ದವನನ್ನು ಬರೆದ. ಬೀಳುವವನಿಗೆ ನನ್ನನ್ನು ಮಗುಚಿ, ಓರೆಯಾಗಿಡಬೇಕಿತ್ತು.

ಚಿತ್ರಶಾಲೆಯ ಹಿರಿಯ, ಉಸ್ತಾದ ಮುರಾದ, ಬೇರೆಯವರ ಪುಟಗಳನ್ನು ನೋಡಿ ನಗುತ್ತಿದ್ದರು. "ಎಲ್ಲಾ ಮಗುಚಿದ ತೊಗಲು. ವೈರಿ ದಂಡಿನಾಗ ಒಬ್ಬನೂ ಬಲಗೈಯಾಂವ ಇಲ್ಲೇನು? ಅದಕ್ಕ ಸೋತಾರ ನೋಡು."

ಪುಸ್ತಕಶಾಲೆಯ ಸಾಹೇಬರು ಬಂದಾಗ ನಗು ನಿಂತಿತು. "ಇದು ಧರ್ಮಕ್ಕಾಗಿ ಆದ ಯುದ್ಧ. ನೋಡಿದ ಕೂಡಲೆ ಯಾರು ನಮ್ಮವರು, ಯಾರು ಅವರು ಅಂತ ತಿಳೀಬೇಕು. ಬೀಳೋವನ ಹಣೆಗೆ ವಿಭೂತಿ ಬರೀರಿ" ಎಂದರು.

ಭರಮಪ್ಪನ ಹಣೆಯ ಮೇಲೂ ವಿಭೂತಿ ಇತ್ತು. "ನಮ್ಮ ದಂಡಿನಾಗೂ ವಿಭೂತಿಯವರು ಭಾಳ ಮಂದಿ ಇದ್ರು ಸಾಹೇಬರ. ಅವರ ದಂಡಿನಾಗೂ ನಮಾಜು ಮಾಡೋರಿದ್ರು" ಎಂದ.

"ಇದ್ದಿರಬಹುದು. ಚಿತ್ರದಾಗ ಬ್ಯಾಡ."

ಮಧ್ಯಾಹ್ನ ಹೊನ್ನವ್ವ ಬುತ್ತಿ ತಂದಳು. ಪುಟವನ್ನು ಬಹಳ ಹೊತ್ತು ನೋಡಿದಳು. ಗೆದ್ದವನ ಬಲಗೆನ್ನೆಯ ಮೇಲೆ ಮಚ್ಚೆ ಇತ್ತು.

"ಅಣ್ಣ ಈ ಕಡೆ ಯಾಕ ನಿಂತಾನಪ್ಪಾ?"

"ಎಲ್ಲಿ ನಿಂತ್ರೇನವ್ವಾ, ಬದುಕ್ಯಾನ" ಎಂದ ಭರಮಪ್ಪ ಮೆಲ್ಲಗೆ.

ಅವಳು ನನ್ನನ್ನು ಬೆರಳಿನಿಂದ ಮುಟ್ಟಿದಳು. "ಹಂಗಾರ ಬೀಳಾಂವಗ ಮಚ್ಚಿ ಬ್ಯಾಡ. ಈ ತೂತು ಮುಚ್ಚಿಬಿಡು."

"ತೂತು ಇರಲಿ. ಪುಡಿ ಬಿದ್ರ ಗರಿಯಿಂದ ಒರಸ್ತೀನಿ. ನೀ ಮನಿಗೆ ನಡಿ."

ಅವಳು ಹೋದ ಮೇಲೆ ಅವನು ನನ್ನನ್ನು ಮಗುಚಿ ತಟ್ಟಿದ. ಎಲ್ಲ ತೂತುಗಳಂತೆ ಆ ತೂತಿನಿಂದಲೂ ಪುಡಿ ಇಳಿಯಿತು. ಒರೆಸುವ ಗರಿ ಅವನ ಮೊಣಕಾಲ ಹತ್ತಿರವೇ ಇತ್ತು. ಆದರೆ ಮೂವತ್ತು ವರ್ಷ ಚುಕ್ಕಿ ಕಂಡಲ್ಲಿ ಮಸಿ ಹಚ್ಚಿದ ಕೈ ಅದು. ಕುದುರೆಯ ಕಿವಿ, ಲಗಾಮು, ಸವಾರನ ಗದ್ದ, ಕೆನ್ನೆ, ಹೀಗೆ ಒಂದಾದ ಮೇಲೊಂದು ಕೂಡಿಸುತ್ತ ಹೋಗಿ ಮಚ್ಚೆಗೂ ಮಸಿ ಹಚ್ಚಿತು.

ಆಮೇಲೆ ಅವನು ಅದನ್ನು ಕಂಡ. ಕಾಡಿಗೆಯ ಮಸಿ ಒರೆಸಿದರೆ ಹೋಗುವುದಿಲ್ಲ. ಅವನು ಕುಂಚ ಕೆಳಗಿಟ್ಟ. ಉಸ್ತಾದರು ಬಂದು ಬಗ್ಗಿ ನೋಡಿದರು. ಅವರಿಗೂ ರೇವಪ್ಪ ಗೊತ್ತಿದ್ದ.

"ಇದು ಎಡಗೆನ್ನಿ, ಭರಮಪ್ಪ. ನಿನ್ನ ಮಗಂದು ಬಲಗೆನ್ನಿ" ಎಂದರು. ಈ ಸಲ ಅವರು ನಗಲಿಲ್ಲ.

ಕೊನೆಗೆ ಭರಮಪ್ಪ ಬಿಳಿ ಬಣ್ಣದಲ್ಲಿ ಕುಂಚ ಅದ್ದಿ ಬೀಳುವವನ ಹಣೆಗೆ ಮೂರು ಗೆರೆ ಎಳೆದ. ಮಗ ಚಿಕ್ಕವನಿದ್ದಾಗ ಸ್ನಾನ ಮಾಡಿಸಿ ಹಚ್ಚುತ್ತಿದ್ದನಲ್ಲ, ಹಾಗೆ, ಎಡದಿಂದ ಬಲಕ್ಕೆ.

ಸಂಜೆ ಹೊನ್ನವ್ವ ಬಾಗಿಲಲ್ಲೇ ಕೇಳಿದಳು. "ಒರಸಿದೇನಪ್ಪಾ?"

"ಒರಸಿದೆ" ಎಂದ.

ಪುಟ ಅರಮನೆಗೆ ಹೋಯಿತು. ಅವಳು ಅದನ್ನು ಮತ್ತೆ ನೋಡಲಿಲ್ಲ. ಭರಮಪ್ಪ ನನ್ನನ್ನು ಪೆಟ್ಟಿಗೆಗೆ ಹಾಕಿ, ಮತ್ತೆಂದೂ ಸವಾರರನ್ನು ಬರೆಯಲಿಲ್ಲ. ಹೂವು, ಬಳ್ಳಿ ಬರೆಯುತ್ತ ಮುದುಕನಾದ. ಸಾಯುವ ವಾರ ಮಗಳನ್ನು ಹತ್ತಿರ ಕರೆದ.

"ಅಂದು ನಾ ಒರಸಲಿಲ್ಲವ್ವಾ."

"ಗೊತ್ತೈತಿ. ಅಂದು ಬುತ್ತಿ ಉಣ್ಣದ ಹಂಗ ತಿರುಗಿ ತಂದಿದ್ದಿ."

"ಆದ್ರ ಅದು ಎಡಗೆನ್ನಿಮ್ಯಾಲೆ ಬಿತ್ತು. ಎಡಗೆನ್ನಿ."

"ಹೌದಪ್ಪಾ. ಅಂವ ಅಣ್ಣ ಅಲ್ಲ" ಎಂದು ಹೊನ್ನವ್ವ ಅವನ ಕೈ ಹಿಡಿದುಕೊಂಡಳು.

ರೇವಪ್ಪ ಬರಲೇ ಇಲ್ಲ. ಸತ್ತನೋ, ಬೇರೆ ಊರಲ್ಲಿ ಬೇರೆ ಕುದುರೆ ಏರಿದನೋ, ನನಗೂ ಗೊತ್ತಿಲ್ಲ.

ಈಗ ನನಗೆ ವಯಸ್ಸಾಗಿದೆ. ಅಂಚು ಸುರುಟಿದೆ. ಅರ್ಧ ತೂತುಗಳಲ್ಲಿ ಇದ್ದಲು ಕಟ್ಟಿದೆ. ಹೊನ್ನವ್ವನ ತಲೆಯೂ ನೆರೆತಿದೆ. ಮೊನ್ನೆ ಅವಳ ಸೊಸೆ ಪೆಟ್ಟಿಗೆ ಕೊಡವುವಾಗ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒನಕೆ ಹಿಡಿದ ಸವಾರ ಬೆಳಕಿನ ಚುಕ್ಕಿಗಳಲ್ಲಿ ಎದ್ದು ನಿಂತ. ಅವನ ಹಣೆ ಖಾಲಿ ಇತ್ತು. ಎದುರಿಗೆ ಯಾರೂ ಇರಲಿಲ್ಲ.

"ಅತ್ತೀ, ಇಂವ ಯಾವ ಕಡೆಯಾಂವ?"

ಹೊನ್ನವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ನಮ್ಮ ಮನಿಯಾಂವ" ಎಂದಳು.

ಜೀವ ಇರುವ ತೊಗಲಾದರೆ ಚುಚ್ಚಿದ ಗಾಯ ನಾಲ್ಕು ದಿನದಲ್ಲಿ ಮಾಯುತ್ತಿತ್ತು. ಆ ಮಧ್ಯಾಹ್ನ ಒಂದೇ ಒಂದು ತೂತನ್ನು ಮುಚ್ಚಿಕೊಳ್ಳುವಷ್ಟು ಜೀವ ನನ್ನಲ್ಲಿ ಇದ್ದಿದ್ದರೆ ಎಂದು ಪೆಟ್ಟಿಗೆಯ ಕತ್ತಲಲ್ಲಿ ಇವತ್ತಿಗೂ ಅಂದುಕೊಳ್ಳುತ್ತೇನೆ.