ಟೋಪಿಗೆ ಬಿದ್ದ ಕೀಲಿಕೈ

ಚೇಳು ಎಂಬುದು ಅವಳ ವೇದಿಕೆಯ ಹೆಸರು. ವಾರದ ಉಳಿದ ದಿನ ಅವಳು ಔಷಧಿ ಅಂಗಡಿಯಲ್ಲಿ ಡಾಕ್ಟರರ ಚೀಟಿ ನೋಡಿ ಮಾತ್ರೆ ಕೊಡುವವಳು. ಯಾವ ಚೀಟಿಯನ್ನೂ ಎರಡು ಸಲ ಓದದೆ ಡಬ್ಬಿಗೆ ಕೈ ಹಾಕದವಳು. ಭಾನುವಾರ ಮಧ್ಯಾಹ್ನ ಮಾತ್ರ ಕಪ್ಪು ಜಾಕೆಟ್ ತೊಟ್ಟು, ತನಗಿಂತ ಎತ್ತರದ ಬೇಸ್ ವಾದ್ಯವನ್ನು ತಬ್ಬಿ ನಿಂತು ಡಕಾಯಿತಳಾಗುತ್ತಿದ್ದಳು. ಗಿಟಾರ್ ನುಡಿಸಿ ಹಾಡುವ ಅಣ್ಣ ಟೈರ್ ಅಂಗಡಿಯವನು, ಅಲ್ಲಿ 'ಸರದಾರ'. ಡ್ರಮ್ ಬಾರಿಸುವ ಗಂಡ ಶಾಲೆಯೊಂದರ ಗುಮಾಸ್ತ, ಅಲ್ಲಿ ಅಂಟುಮೀಸೆಯ 'ಮದ್ದುಗುಂಡು'. ಮೂವರದೂ ಡಕಾಯಿತರ ವೇಷದ ತಂಡ, ಹಳೆಯ ಧಾಟಿಯ ರಾಕ್ ಅಂಡ್ ರೋಲ್; ಕೇಳಿದವರ ಕಾಲು ತಾನಾಗಿಯೇ ಕುಣಿಯಬೇಕು.

ಪ್ರತಿ ಪ್ರದರ್ಶನದ ನಡುವೆ ಒಂದು 'ಲೂಟಿ' ಇರುತ್ತಿತ್ತು. ಚೇಳು ಆಟಿಕೆ ಪಿಸ್ತೂಲು ಹಿಡಿದು ಕೆಳಗಿಳಿದು ಟೋಪಿ ಚಾಚುವಳು. ಜನ ನಗುತ್ತ ಕನ್ನಡಕ, ವಾಚು, ಬಾಚಣಿಗೆ ಹಾಕುವರು. ಕೊನೆಯ ಹಾಡಿಗೆ ಮೊದಲು ಸರದಾರ ಒಂದೊಂದನ್ನೂ ಎತ್ತಿ ತೋರಿಸಿ, ತಮಾಷೆ ಮಾಡಿ, ಹಿಂದಿರುಗಿಸುವನು. ಒಂದನ್ನು ಮಾತ್ರ ಚೇಳು ಜಾಕೆಟ್ಟಿನ ಎಡಗಡೆಯ ಒಳಜೇಬಿನಲ್ಲಿ ಬಚ್ಚಿಟ್ಟಿರಬೇಕು. ಕಳ್ಳರಿಗೇ ದ್ರೋಹ! ಮದ್ದುಗುಂಡು ಅವಳನ್ನು ಹಿಡಿದು ತಪಾಸಣೆ ಮಾಡುವನು, ಅವಳು "ಬೇಡ, ಬೇಡ" ಎಂದು ಕೊಸರಾಡುವಳು, ಸಭೆ ಬಿದ್ದು ಬಿದ್ದು ನಗುವುದು.

ಆ ಭಾನುವಾರ ಮೂರನೆಯ ಸಾಲಿನಲ್ಲಿ ಕುತ್ತಿಗೆಯವರೆಗೆ ಅಂಗಿಯ ಗುಂಡಿ ಹಾಕಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಗಂಡ, ಮೆತ್ತಗೆ ನಗುವ ಮನುಷ್ಯ. ಅವನ ಕೋಟು ಅವಳ ತೊಡೆಯ ಮೇಲಿತ್ತು. ಟೋಪಿ ಬಂದಾಗ ಅವಳು ಕೋಟಿನ ಜೇಬಿಗೆ ಕೈ ಹಾಕಿ ಒಂದು ಕೀಲಿಕೈ ತೆಗೆದಳು.

"ಅಯ್ಯೋ, ಮನೆ ಕೀ ಕಣೇ ಅದು," ಎಂದ ಅವನು.

"ವಾಪಸ್ ಕೊಡ್ತಾರಲ್ಲ ರೀ," ಎಂದಳು. ಮುಖದಲ್ಲಿ ನಗುವಿತ್ತು, ಬೆರಳು ಕೀಲಿಕೈಯನ್ನು ಟೋಪಿಯ ತಳದವರೆಗೆ ಒತ್ತಿ ಇಡುತ್ತಿತ್ತು. ಚೇಳಿನ ಕಣ್ಣಿಗೆ ಎರಡೂ ಬಿದ್ದವು.

ಕೀಲಿಕೈಯ ಜೊತೆಗೆ ಮಡಿಸಿದ ಟಿಕೆಟ್ಟೊಂದು ಟೋಪಿಗೆ ಬಿದ್ದಿತ್ತು. ವೇದಿಕೆಯ ಮೇಲೆ, ಅಣ್ಣ ಮೌತ್‌ಆರ್ಗನ್ ಊದುತ್ತಿದ್ದಾಗ, ಚೇಳು ವಾದ್ಯದ ಮರೆಯಲ್ಲಿ ಅದನ್ನು ಬಿಡಿಸಿದಳು. ಹುಬ್ಬಿನ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಇದನ್ನು ಕಳೆದುಹಾಕಿ. ಇರುವುದು ಒಂದೇ. ನನ್ನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಾನೆ. ಬಾಗಿಲು ತೆರೆಯದಿದ್ದರೆ ಇವತ್ತು ಅಕ್ಕನ ಮನೆಗೆ ಹೋಗಲೇಬೇಕು. ಅಲ್ಲಿ ಮೈ ಮೇಲಿನದನ್ನು ತೋರಿಸುತ್ತೇನೆ. ತಪ್ಪು ನಿಮ್ಮದು ಎಂದಾಗಲಿ, ಕ್ಷಮಿಸಿ.'

ಎರಡು ಸಲ ಓದಿದಳು. ಅಣ್ಣನಿಗೆ ಹೇಳೋಣವೆಂದರೆ ಮೈಕು ಅವನ ಬಾಯಿಯ ಮುಂದೆಯೇ ಇದೆ. ಗಂಡ ಡ್ರಮ್ಮಿನ ಹಿಂದೆ ಕಣ್ಣು ಮುಚ್ಚಿ ಬಾರಿಸುತ್ತಿದ್ದಾನೆ. ಇಷ್ಟು ವರ್ಷದ ಲೂಟಿಯಲ್ಲಿ ಒಂದು ಗುಂಡಿಯೂ ಕಳೆದದ್ದಿಲ್ಲ. ಇವತ್ತು ಕಳೆಯಲಿ ಎಂದುಕೊಂಡಳು. ಚೀಟಿಯನ್ನು ಬೂಟಿನೊಳಗೆ ತುರುಕಿದಳು. ಕೀಲಿಕೈಯನ್ನು ಕೈ ತನ್ನಷ್ಟಕ್ಕೆ ಒಯ್ದು ಪ್ರತಿ ವಾರ ಇಡುವಲ್ಲೇ ಇಟ್ಟಿತು.

ಅದು ಅವಳಿಗೆ ಹೊಳೆದದ್ದು, ಡ್ರಮ್ಮು ನಿಂತು ಗಂಡ ತೋಳೇರಿಸುತ್ತ ತನ್ನ ಕಡೆ ಬರುತ್ತಿದ್ದಾಗ.

"ಸರದಾರ, ಲೆಕ್ಕದಲ್ಲಿ ಒಂದು ಕಮ್ಮಿ!"

"ಹಿಡಿಯೋ ಆ ಚೇಳನ್ನ! ಕೊಂಡಿ ನೋಡ್ಕೋ!"

"ಬೇಡ," ಎಂದಳು ಚೇಳು, ಅವನ ಕಿವಿಯಲ್ಲಿ. "ಬೇಡ ರೀ, ನಿಜವಾಗ್ಲೂ."

ಅವನು ಸಭೆಯತ್ತ ತಿರುಗಿ, "ನಿಜವಾಗ್ಲೂ ಅಂತೆ!" ಎಂದ. ಸಭೆ ಗೊಳ್ಳೆಂದಿತು. ಅವಳು ಅವನ ಮಣಿಕಟ್ಟು ಹಿಡಿದಳು, ಉಗುರಿಳಿಸಿದಳು, ಮಂಡಿಯಿಂದ ಒದ್ದಳು. ಒದ್ದಷ್ಟೂ ನಗು ಜೋರಾಯಿತು. "ಅಬ್ಬಾ, ಇವತ್ತು ಚೇಳಿಗೆ ವಿಷ ಏರಿದೆ!" ಎಂದು ಅಣ್ಣ ಮೈಕಿನಲ್ಲಿ ಕೂಗಿದ. ಗಂಡ ಕೀಲಿಕೈಯನ್ನು ಎಳೆದು ತೆಗೆದು ದೀಪಕ್ಕೆ ಹಿಡಿದ.

ಮೂರನೆಯ ಸಾಲಿನ ಮನುಷ್ಯ ಎದ್ದು ಬಂದು, ಮೆತ್ತಗೆ ನಗುತ್ತ ಅಂಗೈ ಚಾಚಿದ. "ಥ್ಯಾಂಕ್ಸ್ ಸಾರ್. ಹೆದರಿಸಿಬಿಟ್ರಿ."

"ಭದ್ರವಾಗಿಟ್ಕೊಳ್ಳಿ ಸಾರ್, ಕಾಲ ಕೆಟ್ಟಿದೆ," ಎಂದ ಸರದಾರ. ಚಪ್ಪಾಳೆಯೋ ಚಪ್ಪಾಳೆ.

ಚೇಳು ಮೈಕಿನತ್ತ ಒಂದು ಹೆಜ್ಜೆ ಇಟ್ಟಳು. ಈಗ ಏನು ಹೇಳಿದರೂ ಬರೆದದ್ದು ಯಾರೆಂದು ಆ ಮನುಷ್ಯನಿಗೆ ತಿಳಿಯುತ್ತದೆ. ನಿಂತಳು. ಹೆಂಗಸು ವೇದಿಕೆಯತ್ತ ನೋಡಲಿಲ್ಲ. ಕೋಟನ್ನು ಅಂಚಿಗೆ ಅಂಚು ಸೇರಿಸಿ, ಅಂಗಡಿಯ ಬಟ್ಟೆಯ ಹಾಗೆ ಮಡಿಸುತ್ತಿದ್ದಳು. ಕೊನೆಯ ಹಾಡು ಮುಗಿಯುವ ಮೊದಲೇ ಆ ಎರಡು ಕುರ್ಚಿ ಖಾಲಿಯಾಗಿದ್ದವು.

ಪರದೆ ಬಿದ್ದದ್ದೇ ಚೇಳು ಬೂಟು ಕಿತ್ತು ಚೀಟಿ ಚಾಚಿದಳು. ಓದಿದ ಅಣ್ಣ ಟೋಪಿ ಎಸೆದು ಗೇಟಿನವರೆಗೆ ಓಡಿದ. ಬೀದಿಯಲ್ಲಿ ಬಿಸಿಲು, ಬಸ್ಸು, ಮನೆಗೆ ಹೊರಟ ಜನ. ಹೆಸರಿಲ್ಲ, ವಿಳಾಸವಿಲ್ಲ, ಯಾರನ್ನು ಕೇಳುವುದು, ಏನೆಂದು ಕೇಳುವುದು? ಏದುಸಿರು ಬಿಡುತ್ತ ಬರಿಗೈಯಲ್ಲಿ ವಾಪಸಾದ.

ಗಂಡ ಡ್ರಮ್ಮಿನ ಸ್ಟೂಲಿನ ಮೇಲೆ ಕುಸಿದಿದ್ದ. ಮೀಸೆ ಅರ್ಧ ಕಿತ್ತು ಜೋಲುತ್ತಿತ್ತು. ಮಣಿಕಟ್ಟಿನಲ್ಲಿ ಅವಳ ಉಗುರಿನ ಗೆರೆಗಳು ಕೆಂಪಗೆ ಉಬ್ಬಿದ್ದವು.

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದೆನಲ್ಲ. ಬೇಡ ಅಂದೆ."

ಅವನು ಮಣಿಕಟ್ಟಿನ ಗೆರೆಗಳ ಮೇಲೆ ಬೆರಳಾಡಿಸಿದ.

"ಪ್ರತಿ ವಾರ ಅಂತೀಯಲ್ಲೇ," ಎಂದ.